ಆರನೇ ಷರತ್ತು

ಕೋಲಾರದ ಕೋರ್ಟಿನಲ್ಲಿ ನಾನು ವಕೀಲಿಕೆ ಶುರು ಮಾಡಿ ಏಳನೆಯ ವರ್ಷ ನಡೆಯುತ್ತಿದ್ದಾಗ ನಮ್ಮ ಸೀನಿಯರ್ ಆಫೀಸಿಗೆ ಹೊಸ ಬಗೆಯ ಕೆಲಸವೊಂದು ಬಂತು. ಅಲ್ಲಿಯವರೆಗೆ ನಾವು ನೋಡಿದ್ದೆಲ್ಲ ಪಾಲುವಿಭಾಗ, ಜೀವನಾಂಶ, ಬದುವಿನ ಜಗಳ. ಈಗ ಕಂಪನಿಯೊಂದು ಶ್ರೀನಿವಾಸಪುರದ ಕಡೆ ಮಾವಿನ ತೋಟದಲ್ಲಿ ಸವರಿ ಹಾಕಿದ ಕೊಂಬೆ, ನೀಲಗಿರಿ ತೊಗಟೆ, ಕಡಲೆಕಾಯಿ ಸಿಪ್ಪೆ ಉರಿಸಿ ಕರೆಂಟು ತಯಾರಿಸುವ ಘಟಕ ಕಟ್ಟಲು ಹೊರಟಿತ್ತು. ಸಾಲ ಕೊಡುವ ಬ್ಯಾಂಕು, ಬ್ಯಾಂಕಿನ ದೊಡ್ಡ ವಕೀಲರು ಎಲ್ಲ ಬೆಂಗಳೂರಿನವರು. ಹಳ್ಳಿಗೆ ಹೋಗಿ ಪಹಣಿ ನೋಡಿ, ಜಮೀನಿನವರ ಸಹಿ ಹಾಕಿಸುವುದಕ್ಕೆ ಅವರಿಗೆ ಇಲ್ಲಿಯವರು ಬೇಕಿತ್ತು. ಸೀನಿಯರ್ ಒಪ್ಪಿಕೊಂಡರು. ಓಡಾಟ ನನ್ನ ಪಾಲಿಗೆ ಬಂತು. ನಾನು ಮುಳಬಾಗಿಲಿನಲ್ಲಿ ಬೆಳೆದವಳು, ತೆಲುಗು ನನಗೆ ಕನ್ನಡದಷ್ಟೇ ಸಲೀಸು. ಅದೇ ನನ್ನ ಅರ್ಹತೆ.

ಕಂಪನಿ ಜಮೀನು ಕೊಂಡಿರಲಿಲ್ಲ. ನಾಲ್ಕು ಮನೆಯವರಿಂದ ಮೂವತ್ತು ವರ್ಷಕ್ಕೆ ಗುತ್ತಿಗೆ ಪಡೆದಿತ್ತು. ಭೂಪರಿವರ್ತನೆ, ನೋಂದಣಿ ಎಲ್ಲ ಮುಗಿದಿತ್ತು. ಉಳಿದಿದ್ದು ಆ ನಾಲ್ಕು ಮನೆಯವರು ಬ್ಯಾಂಕಿಗೆ ಬರೆದುಕೊಡಬೇಕಾದ ಒಂದು ಒಪ್ಪಿಗೆ ಪತ್ರ. ಅದರಲ್ಲಿ ಎಂಟು ಷರತ್ತು. ಆರನೆಯದು ಬಿಗಿಯಾದದ್ದು. ಕಂಪನಿ ಗುತ್ತಿಗೆ ಹಣ ನಿಲ್ಲಿಸಿದರೂ ಜಮೀನಿನವರು ಕೂಡಲೇ ಗುತ್ತಿಗೆ ರದ್ದು ಮಾಡುವಂತಿಲ್ಲ. ಮೊದಲು ಬ್ಯಾಂಕಿಗೆ ತಿಳಿಸಿ ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಬ್ಯಾಂಕು ಬೇರೆ ಕಂಪನಿಯನ್ನು ತಂದು ಕೂರಿಸಿದರೆ ಒಪ್ಪಿಕೊಳ್ಳಬೇಕು. ಪತ್ರದ ಕೊನೆಗೆ ಒಂದು ಒಕ್ಕಣೆ: ‘ಮೇಲಿನ ಎಲ್ಲಾ ಷರತ್ತುಗಳನ್ನು ಓದಿ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇನೆ.’ ಅದರ ಕೆಳಗೆ ನನ್ನ ಸಹಿ.

ಮೊದಲನೆಯ ಮನೆಯಲ್ಲಿ ಆರನೇ ಷರತ್ತು ಓದಿದ್ದೇ ತಡ, ಯಜಮಾನರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅವರನ್ನು ಮತ್ತೆ ಕೂರಿಸಿ ಸಹಿ ಹಾಕಿಸಲು ಮೂರು ಸಲ ಹೋಗಬೇಕಾಯಿತು. ಸೀನಿಯರ್‌ಗೆ ಸಿಟ್ಟು ಬಂತು.

“ಪ್ರತಿಯೊಂದಕ್ಕೂ ಹರಿಕಥೆ ಮಾಡ್ತಾ ಕೂರಬೇಡಮ್ಮ. ಮಾರ್ಚ್ ಮೂವತ್ತೊಂದಕ್ಕೆ ಸಾಲದ ಮಂಜೂರಾತಿಯ ಗಡುವು ಮುಗಿಯುತ್ತೆ. ಆಮೇಲೆ ಅವರಿಗೆ ನೀನೂ ಬೇಡ, ನಾನೂ ಬೇಡ.”

ಎರಡನೆಯ, ಮೂರನೆಯ ಮನೆಯವರು ಓದಿದವರು. ತಾವೇ ನೋಡಿ ಸಹಿ ಹಾಕಿದರು. ನಾಲ್ಕನೆಯ ಮನೆಗೆ ಹೋಗಿದ್ದು ಒಂದು ಶುಕ್ರವಾರ. ಅರವತ್ತರ ಹತ್ತಿರದ ಹೆಂಗಸು, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಐದಾರು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದರು. ಅವರ ಎರಡೂವರೆ ಎಕರೆ ಇದ್ದದ್ದು ಸರಿಯಾಗಿ ಮಧ್ಯಕ್ಕೆ, ಘಟಕದ ನೀರಿನ ಹೊಂಡ ತೋಡಬೇಕಾದ ಜಾಗದಲ್ಲಿ. ಮನೆಮಾತು ತೆಲುಗು, ಕನ್ನಡವನ್ನೂ ಆಡುತ್ತಿದ್ದರು; ಓದಲು ಬರುತ್ತಿರಲಿಲ್ಲ. ಸಾಕ್ಷರತೆ ತರಗತಿಯಲ್ಲಿ ಹೆಸರು ಬರೆಯುವುದನ್ನಷ್ಟೇ ಕಲಿತಿದ್ದರು.

ನಾನು ಒಂದೊಂದೇ ಷರತ್ತನ್ನು ತೆಲುಗಿನಲ್ಲಿ ಹೇಳುತ್ತ ಹೋದೆ. ಐದು ಮುಗಿಯಿತು. ಬಾಯಿ ತಾನಾಗಿಯೇ ಏಳಕ್ಕೆ ಹೋಯಿತು. ತಾನಾಗಿಯೇ ಎಂದು ಬರೆದೆ, ಅದೂ ನಿಜವಲ್ಲ. ಹಾಳೆಯ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದೆ. ಬೆರಳನ್ನು ಒಂದು ಪ್ಯಾರಾ ಕೆಳಗೆ ಇಳಿಸಿದ್ದು ನಾನೇ.

ಅವರು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದರು. “ಅಂತಾ ಚದಿವಿನಾವಾ ತಲ್ಲೀ?” ಎಲ್ಲಾ ಓದಿದೆಯೇನಮ್ಮಾ ಎಂದು ಕೇಳಿದ್ದು.

“ಚದಿವಿನಾನಮ್ಮಾ,” ಅಂದೆ.

ಅವರು ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದು ಸಹಿ ಮಾಡಿದರು. ಕೆಳಗೆ ನಾನೂ ಮಾಡಿದೆ.

ನನ್ನ ಗಂಡನ ಮನೆ ಮಾಲೂರು. ಸೋಮವಾರ ಬೆಳಗಿನ ರೈಲಿಗೆ ಹೋಗಿ ನಾಲ್ಕೂ ಪತ್ರಗಳನ್ನು ಬೆಂಗಳೂರಿನ ವಕೀಲರಿಗೆ ಮುಟ್ಟಿಸಬೇಕಿತ್ತು. ಮಧ್ಯದ ಎರಡು ದಿನ ಆ ಕಾಗದದ ಲಕೋಟೆ ಬೀರುವಿನಲ್ಲಿತ್ತು. ಶನಿವಾರ ಮೂರು ಸಲ ಅದನ್ನು ತೆಗೆದು ನೋಡಿದೆ. ಇಟ್ಟ ಜಾಗದಲ್ಲೇ ಇತ್ತು. ಆರನೇ ಷರತ್ತು ಎಂದಾದರೂ ಚಾಲ್ತಿಗೆ ಬರುತ್ತದೆಯೇ, ಕಂಪನಿ ಚೆನ್ನಾಗಿಯೇ ನಡೆಯಬಹುದಲ್ಲ ಎಂದುಕೊಂಡೆ. ಮರುಕ್ಷಣ ನಾನು ಕೋರ್ಟಿನ ಕಟಕಟೆಯಲ್ಲಿ ನಿಂತಂತೆ, ಆ ಹೆಂಗಸು ಎದುರಿಗೆ ನಿಂತು ‘ಈಯಮ್ಮ ಓದಿದೀನಿ ಅಂದ್ಲು’ ಎನ್ನುತ್ತಿರುವಂತೆ ಕಾಣುತ್ತಿತ್ತು. ಭಾನುವಾರ ಅತ್ತೆ ಊಟಕ್ಕೆ ಕೂತು, “ಏನೇ, ಸಾರಿಗೆ ಎರಡು ಸಲ ಉಪ್ಪು ಹಾಕಿದೀಯ,” ಅಂದರು. ಅದಕ್ಕೂ ನನಗೆ ಅಳು ಬಂತು.

ಸೋಮವಾರ ಟೇಕಲ್ ಕಡೆಯಿಂದ ರೈಲು ಬಂದು ನಿಂತಿತು. ದಿನಾ ಓಡಾಡುವವರೆಲ್ಲ ನುಗ್ಗಿ ಹತ್ತಿದರು. ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದೆ. ರೈಲು ಹೊರಟಿತು. ಇನ್ನು ಮಾಡುವುದಕ್ಕೆ ಬೇರೇನೂ ಉಳಿದಿರಲಿಲ್ಲ. ಕೋಲಾರದ ಬಸ್ಸು ಹಿಡಿದೆ, ಅಲ್ಲಿಂದ ಶ್ರೀನಿವಾಸಪುರ, ಅಲ್ಲಿಂದ ಆಟೋ. ಆ ಹೆಂಗಸಿನ ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅವರು ಹಸುವಿಗೆ ಬೂಸ ಕಲಸುತ್ತಿದ್ದರು.

“ಏನ್ ಲಾಯರಮ್ಮ, ಮತ್ತೆ ಬಂದೆ? ನನ್ನ ಸಹಿ ತಪ್ಪೋಯ್ತಾ?”

“ಸಹಿ ಸರಿಯಾಗಿದೆಯಮ್ಮ. ತಪ್ಪು ಮಾಡಿದ್ದು ನಾನು. ಒಂದು ಷರತ್ತು ಓದದೆ ಬಿಟ್ಟೆ.”

ಅವರು ಕೈ ತೊಳೆದು ಬಂದು ಜಗಲಿಯ ಮೇಲೆ ಕೂತರು. ಆರನೆಯದನ್ನು ನಿಧಾನವಾಗಿ ಓದಿ ಹೇಳಿದೆ. ಕೇಳಿ ಮುಗಿಸಿ ನನ್ನ ಕಡೆ ತಿರುಗಿದರು.

“ಶುಕ್ರವಾರ ನಾನು ಕೇಳಿದ್ನಲ್ಲ?”

“ಕೇಳಿದ್ರಿ.”

“ಓದಿದೀನಿ ಅಂದೆ.”

“ಅಂದೆ. ನೀವು ಎದ್ದು ಹೋಗ್ತೀರ ಅಂತ ಭಯ ಆಯ್ತು.”

“ನಾನು ಎದ್ದು ಹೋಗಿದ್ರೆ ನಿಂಗೇನಾಗ್ತಿತ್ತು?”

ನಾನು ಪತ್ರವನ್ನು ಮಡಿಚಿದೆ. ಅವರು ಕೈ ಚಾಚಿದರು. ಪತ್ರ ಕೊಟ್ಟೆ. ಅದನ್ನು ಒಳಗೆ ತೆಗೆದುಕೊಂಡು ಹೋದರು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಹೊರಗೆ ಬಂದು, “ನಾಳೆ ಬಾ,” ಅಂದರು.

ಶ್ರೀನಿವಾಸಪುರದ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನಿಂದ ಸೀನಿಯರ್‌ಗೆ ಫೋನ್ ಮಾಡಿದೆ. ಎರಡು ಸಲ ತಪ್ಪು ನಂಬರ್ ಒತ್ತಿದೆ. ನಡೆದದ್ದನ್ನೆಲ್ಲ ಹೇಳಿದೆ.

“ಅಸಲು ಕಾಗದ ಅವರ ಕೈಗೇ ಕೊಟ್ಬಂದ್ಯಾ?”

“ಹೌದು ಸಾರ್.”

“ಅದರಲ್ಲಿ ‘ಓದಿ ಹೇಳಿದ್ದೇನೆ’ ಅನ್ನೋದರ ಕೆಳಗೆ ನಿನ್ನ ಸಹಿ ಇದೆ?”

“ಇದೆ ಸಾರ್.”

“ಅವರು ಅದನ್ನ ಯಾರಿಗಾದ್ರೂ ತೋರಿಸಿದ್ರೆ ನಿನ್ನ ವಕೀಲಿ ಸನ್ನದು ಹೋಗುತ್ತೆ, ನನ್ನ ಮರ್ಯಾದೆ ಹೋಗುತ್ತೆ. ಬೆಂಗಳೂರಿನೋರಿಗೆ ನಾನು ಏನಂತ ಹೇಳ್ಲಿ?”

“ನಿಜಾನೇ ಹೇಳಿ ಸಾರ್.”

“ಇಡು ಫೋನು,” ಅಂದರು.

ಮಾರನೆಯ ದಿನ ಹೋಗುವಾಗ ಬಸ್ಸಿನಲ್ಲೆಲ್ಲ ಅದೇ ಯೋಚನೆ. ಆಕೆ ಕಾಗದವನ್ನು ಬೇರೆ ವಕೀಲರ ಹತ್ತಿರ ಒಯ್ದಿದ್ದರೆ? ಊರವರನ್ನೆಲ್ಲ ಸೇರಿಸಿದ್ದರೆ? ಹಾಗೇನೂ ಆಗಿರಲಿಲ್ಲ. ಅವರೊಬ್ಬರೇ ಜಗಲಿಯ ಮೇಲಿದ್ದರು.

“ಬೇರೆ ಕಂಪನಿ ಬಂದ್ರೆ ಬರ್ಲಿ,” ಅಂದರು. “ಕರೆಂಟು ಯಾರು ಮಾಡಿದ್ರೆ ನಂಗೇನು. ಆ ಆರು ತಿಂಗಳು ಗುತ್ತಿಗೆ ಯಾರು ಕೊಡ್ತಾರೆ? ಅದು ಈ ಕಾಗದದಲ್ಲಿ ಐತಾ?”

ಇರಲಿಲ್ಲ. ಎಂಟು ಷರತ್ತುಗಳನ್ನು ಅಷ್ಟು ಸಲ ಓದಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

“ಕಾಯ್ಬೇಕು ಅಂತ ಹೇಳೋದು ಬ್ಯಾಂಕು ತಾನೇ? ಬ್ಯಾಂಕಿನೋರೇ ಕೊಡ್ಲಿ. ಹಂಗೇ ಬರಿ.”

ಅಲ್ಲೇ ಕೂತು ಬರೆದುಕೊಂಡೆ. ಸಂಜೆ ಕೋಲಾರದ ಆಫೀಸಿನಲ್ಲಿ ಸೀನಿಯರ್ ಎದುರು ಹಾಳೆ ಇಟ್ಟೆ. ನನ್ನ ಕಡೆ ನೋಡದೆ ಓದಿದರು. ಬೆಂಗಳೂರಿಗೆ ಫೋನ್ ಹಚ್ಚಿದರು. ಆ ಕಡೆಯ ವಕೀಲರು ಕೂಗಾಡುವುದು ನನಗೂ ಕೇಳಿಸುತ್ತಿತ್ತು. ಎಲ್ಲ ಮುಗಿಯುವ ತನಕ ಸೀನಿಯರ್ ತಡೆದುಕೊಂಡು, “ಸಾರ್, ಆ ಹೆಂಗಸು ಕೇಳ್ತಿರೋದು ನ್ಯಾಯವಾಗೇ ಇದೆ. ನಮ್ಮ ಕಕ್ಷಿದಾರರಾಗಿದ್ರೆ ನಾವೂ ಇದನ್ನೇ ಕೇಳ್ತಿದ್ವಿ,” ಅಂದರು. ಅವರಿಂದ ಆ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ.

ಬ್ಯಾಂಕು ಒಪ್ಪಲು ಮೂರು ದಿನ ತೆಗೆದುಕೊಂಡಿತು. ಆರು ತಿಂಗಳನ್ನು ಮೂರಕ್ಕೆ ಇಳಿಸಿ, ಆ ಮೂರು ತಿಂಗಳ ಗುತ್ತಿಗೆಯನ್ನು ತಾನೇ ಕೊಡುವುದಾಗಿ ಬರೆಯಿತು. ಒಬ್ಬರಿಗೆ ಕೊಟ್ಟಿದ್ದನ್ನು ಉಳಿದವರಿಗೆ ಕೊಡದಿರಲಾಗದೆ ನಾಲ್ಕೂ ಪತ್ರಗಳು ಹೊಸದಾಗಿ ಬಂದವು. ಇಪ್ಪತ್ತೊಂಬತ್ತನೆಯ ತಾರೀಖು ನಾಲ್ಕೂ ಮನೆಗೆ ಹೋಗಿ, ಒಂದರಿಂದ ಎಂಟರವರೆಗೆ ಗಟ್ಟಿಯಾಗಿ ಓದಿದೆ. ಓದುಬರಹ ಬಂದವರ ಮನೆಯಲ್ಲೂ ಓದಿದೆ. ಆ ಹೆಂಗಸು ಆರನೆಯದನ್ನು ಎರಡು ಸಲ ಹೇಳಿಸಿಕೊಂಡು ಸಹಿ ಹಾಕಿದರು. ಹಳೆಯ ಕಾಗದ ವಾಪಸ್ಸು ಕೇಳಿದೆ. ಅಡ್ಡಕ್ಕೆ ‘ರದ್ದು’ ಎಂದು ಬರೆಯಲು ಬಿಟ್ಟರು. ಕೊಡಲಿಲ್ಲ.

“ನನ್ನತ್ರಾನೇ ಇರ್ಲಿ ಬಿಡು.”

ಮೂವತ್ತೊಂದರ ಸಂಜೆ ಸಾಲದ ಕಾಗದಗಳೆಲ್ಲ ಸಹಿಯಾದವೆಂದು ಫೋನ್ ಬಂತು. ಸೀನಿಯರ್ ನನ್ನನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಆಮೇಲೆ ಕಂಪನಿಗಳ ಕೆಲಸಕ್ಕೆ ಒಂದು ವರ್ಷ ನನ್ನನ್ನು ಕಳಿಸಲಿಲ್ಲ. ಮತ್ತೆ ಕಳಿಸತೊಡಗಿದಾಗ ಕಾರಣ ಹೇಳಲಿಲ್ಲ.

ಘಟಕ ನಾಲ್ಕೈದು ವರ್ಷ ನಡೆಯಿತು. ಸೌದೆ ಸಿಪ್ಪೆಯ ಬೆಲೆ ಏರಿ ನಿಂತುಹೋಯಿತು, ಇನ್ನೊಂದು ಕಂಪನಿ ಬಂತು. ಆಗ ಒಮ್ಮೆ ಆ ಹೆಂಗಸು ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿ, “ಬ್ಯಾಂಕಿನ ಮೂರು ತಿಂಗಳದು ಬಂತು ಕಣಮ್ಮ. ತಡವಾಗೇ ಬಂತು, ಆದ್ರೂ ಬಂತು,” ಅಂದರು. ನನಗೆ ಹಳೆಯ ಕಾಗದ ಇನ್ನೂ ಟ್ರಂಕಿನಲ್ಲಿದೆಯೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವರ ಬಸ್ಸು ಬಂತು.

ಆ ಆರನೇ ಷರತ್ತಿಗಿಂತ ಹಿಂದಿನ ವರ್ಷಗಳಲ್ಲಿ ಇಂಥದೇ ಒಕ್ಕಣೆಯ ಕೆಳಗೆ ಎಷ್ಟು ಕಡೆ ಸಹಿ ಮಾಡಿದ್ದೇನೋ ಲೆಕ್ಕವಿಲ್ಲ. ಒಂದು ಮಾತ್ರ ನೆನಪಿದೆ. ದೇವರಾಯಸಮುದ್ರದಲ್ಲಿ ಒಬ್ಬ ಮುದುಕರ ಪಾಲುಪಟ್ಟಿ. ಕೊನೆಯ ಬಸ್ಸು ತಪ್ಪೀತೆಂಬ ಆತುರದಲ್ಲಿ ಅರ್ಧ ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡು ಓಡಿದ್ದೆ. ಎಲ್ಲಾ ಓದಿದೆಯಾ ಎಂದು ಅವರು ಕೇಳಲಿಲ್ಲ. ಆರನೇ ಷರತ್ತಿನ ಪ್ರಸಂಗವಾದ ಮೇಲೆ ಒಂದು ದಿನ ವಿಚಾರಿಸಿಕೊಂಡು ಆ ಊರಿಗೆ ಹೋದೆ. ಮುದುಕರು ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳು ಒಳಗೆ ಕರೆದು ಕೂರಿಸಿ, ಏನು ವಿಷಯ ಎಂದು ಕೇಳಿದರು. ಈ ಕಡೆ ಬಂದಿದ್ದೆ, ನೋಡಿಕೊಂಡು ಹೋಗೋಣ ಅಂತ ಬಂದೆ ಅಂದೆ. ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.