ಎರಡೂ ಮನೆಗಳ ಪಟ್ಟಿಯಿಂದ ಬಿಟ್ಟುಹೋದ ಬೀಬಿಜಾನ

ಜಾನಕೀಬಾಯಿ ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಕಲಿಸಿದವರು. ಎದುರಿಗೆ ಎಲ್ಲರೂ ಅಕ್ಕೋರು ಎನ್ನುತ್ತಿದ್ದರು, ಬೆನ್ನ ಹಿಂದೆ ಸಿಟ್ಟಿನ ಅಕ್ಕೋರು ಎನ್ನುತ್ತಿದ್ದರು. ಅವರ ಸಿಟ್ಟು ಸುಳ್ಳಲ್ಲ. ಅವರ ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕ್ಷಯ ಕೊಂಡೊಯ್ದಿತ್ತು. ಆಮೇಲೆ ಮನೆಯಲ್ಲಿ ಅವರೊಬ್ಬರೇ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಕ್ಷಯ ಎಷ್ಟಿದೆ ಎಂದು ಅಂದಾಜು ಮಾಡಲು ಸರ್ಕಾರದ ತಂಡ ಬಂತು. ಊರೂರನ್ನೆಲ್ಲ ನೋಡಲು ಆಗದು. ಕೆಲವೇ ಓಣಿ, ಕೆಲವೇ ಹಳ್ಳಿ ಆರಿಸಿ, ಮನೆ ಮಂದಿಯ ಪಟ್ಟಿ ಬರೆದು, ಪಟ್ಟಿಯಲ್ಲಿದ್ದವರ ಎದೆಯ ಎಕ್ಸ್-ರೇ ಚಿತ್ರ ತೆಗೆಯಬೇಕು. ಆ ಅಂಕಿಗಳಿಂದ ಇಡೀ ಸೀಮೆಯ ರೋಗಿಗಳ ಸಂಖ್ಯೆಯನ್ನು ಸೂತ್ರ ಹಾಕಿ ತೆಗೆಯುವವನು ಗದಗಿನ ಕಚೇರಿಯ ಲೆಕ್ಕಿಗ ದತ್ತಾತ್ರಿ. ಗಂಡಸರು ಹೋದರೆ ಹೆಂಗಸರು ಬಾಯಿ ಬಿಡುವುದಿಲ್ಲವೆಂದು ಪಟ್ಟಿ ಬರೆಯುವ ಕೆಲಸ ಜಾನಕೀಬಾಯಿಯವರಿಗೆ ಬಂತು. ಕಟ್ಟಳೆ ಒಂದೇ: ಊರಿಗೆ ಹೋದವರನ್ನು ಬಿಡಿ, ಬಂದ ಅತಿಥಿಗಳನ್ನೂ ಬಿಡಿ. ಹಾಗೆ ಬಿಟ್ಟುಹೋಗುವವರು ಎಲ್ಲ ಕಡೆ ಒಂದೇ ಸಮ ಇರುತ್ತಾರೆ, ಅಂದಾಜು ಕೆಡುವುದಿಲ್ಲ ಎಂದು ದತ್ತಾತ್ರಿ ಹೇಳಿದ್ದ. ಜಾನಕೀಬಾಯಿ ಮೊದಲು ತಮ್ಮದೇ ಹಾಳೆ ತುಂಬಿದರು: ಮನೆ ಮಂದಿ, ಒಬ್ಬರು.

ಬೆಟಗೇರಿಯಲ್ಲಿ ಕೈಮಗ್ಗದ ಉಸ್ಮಾನಸಾಬ ತನ್ನ ಮನೆಯಲ್ಲಿ ಆರು ಮಂದಿ ಎಂದ. ಸೊಸೆ ಬೀಬಿಜಾನ ತವರಿಗೆ ಹೋಗಿದ್ದಳಂತೆ. ಜಾನಕೀಬಾಯಿ ಕಟ್ಟಳೆಯಂತೆ ಅವಳನ್ನು ಬಿಟ್ಟರು. ಆ ಓಣಿಯಲ್ಲಿ ತವರಿಗೆ ಹೋದ ಸೊಸೆಯರು ಬಹಳ ಎನ್ನಿಸಿತಾದರೂ, ನಾಗರಪಂಚಮಿ ಹತ್ತಿರವಿತ್ತಲ್ಲ, ಆ ಹಬ್ಬಕ್ಕೆ ಈ ಸೀಮೆಯ ಸೊಸೆಯರೆಲ್ಲ ತವರಿಗೆ ಹೋಗುತ್ತಾರೆ ಎಂದುಕೊಂಡು ಮುಂದೆ ನಡೆದರು.

ಪಂಚಮಿ ಕಳೆದು ಮೂರು ತಿಂಗಳಾದ ಮೇಲೆ, ಕೆರೆಗೆ ವಲಸೆ ಹಕ್ಕಿ ಇಳಿಯುವ ಕಾಲಕ್ಕೆ, ಶಿರಹಟ್ಟಿ ಸೀಮೆಯ ಮಾಗಡಿಗೆ ಹೋದರು. ಫಕೀರಸಾಬನೆಂಬ ರೈತ ಮನೆ ಮಂದಿಯನ್ನೆಲ್ಲ ಬರೆಸಿ ಮುಗಿಸುವ ಹೊತ್ತಿಗೆ ಹಿತ್ತಲಿನಿಂದ ಕೆಮ್ಮು ಕೇಳಿತು, ಬಿಡದೆ ಕೇಳಿತು. ಹೋಗಿ ನೋಡಿದರೆ ದನದ ಕೊಟ್ಟಿಗೆಯ ಮಗ್ಗುಲಿಗೆ ಒಂದು ಹೊರಸು, ಅದರ ಮೇಲೆ ಬಡಕಲು ಹುಡುಗಿ.

“ಆಕೀನ್ನ ಬರಕೋಬ್ಯಾಡ್ರಿ ಅಕ್ಕೋರ,” ಎಂದ ಫಕೀರಸಾಬ. “ಮಗಳು ಖರೆ, ಆದ್ರ ಕೊಟ್ಟಾಕಿ. ನಮ್ಮ ಮನಿಯಾಕಿ ಅಲ್ಲ, ಬೆಟಗೇರಿಯಾಕಿ.”

ಜಾನಕೀಬಾಯಿ ಹೆಸರು ಕೇಳಿದರು. ಬೀಬಿಜಾನ. ಉಸ್ಮಾನಸಾಬನ ಸೊಸೆ. ಗಂಡನ ಮನೆಗೆ ಅವಳು ಊರಿಗೆ ಹೋದವಳು, ತವರಿಗೆ ಬಂದ ಅತಿಥಿ. ಕೆಮ್ಮು ಹತ್ತಿದ ಸೊಸೆಯನ್ನು ತವರಿಗೆ ದಬ್ಬುವುದು ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಜಾತಿ ಯಾವುದಾದರೂ ಆಗಲಿ, ದುಡಿಯುವಾಗ ನಮ್ಮವಳು, ರಕ್ತ ಕಾರುವಾಗ ನಿಮ್ಮವಳು. ಗೊತ್ತಿದ್ದೂ ಅವಳನ್ನು ಬಿಟ್ಟದ್ದು ತಮ್ಮದೇ ಕೈ. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಮರುದಿನವೇ ಗದಗಿಗೆ ಹೋದರು. ದತ್ತಾತ್ರಿಯ ಅಂದಾಜು ಸಿದ್ಧವಾಗಿತ್ತು: ಬೆಟಗೇರಿಯಲ್ಲಿ ಸಾವಿರ ಗಂಡಸರಿಗೆ ಹನ್ನೊಂದು ರೋಗಿಗಳು, ಸಾವಿರ ಹೆಂಗಸರಿಗೆ ನಾಲ್ಕು. ಆದ್ದರಿಂದ ಕಟ್ಟಲಿದ್ದ ಕ್ಷಯದ ಹೊಸ ದವಾಖಾನೆಯಲ್ಲಿ ಹೆಂಗಸರ ಕೋಣೆ ಬೇಡ ಎಂದು ಕಚೇರಿಯ ದೊಡ್ಡ ಸಾಹೇಬರು ಆಗಲೇ ಬರೆದಿದ್ದರು. ಬೀಬಿಜಾನಳ ಸಂಗತಿ ಕೇಳಿ ದತ್ತಾತ್ರಿ ಪೇಚಾಡಿದ. ಒಬ್ಬಳಿಂದ ಸೂತ್ರ ಬದಲಾಗುವುದಿಲ್ಲ ಎಂದ.

“ಒಬ್ಬಾಕಿ ಅಂತ ಯಾರು ಹೇಳಿದ್ರು?” ಎಂದರು ಜಾನಕೀಬಾಯಿ. “ನಿಮ್ಮ ಸೂತ್ರಕ್ಕ ತವರುಮನಿ ಅಂದ್ರ ಏನಂತ ಗೊತ್ತೈತೇನು?”

ಜಾನಕೀಬಾಯಿ ಶಾಲೆಗೆ ರಜೆ ಇದ್ದ ದಿನವೆಲ್ಲ ಬೆಟಗೇರಿಯ ಅದೇ ಓಣಿಗಳನ್ನು ಮತ್ತೆ ತುಳಿದರು. ಈ ಸಲ ಕೇಳಿದ್ದು ಒಂದೇ ಪ್ರಶ್ನೆ, ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು ಎಂದು. ಅತ್ತೆಯಂದಿರು ಮುಖ ತಿರುಗಿಸಿದರು. ಒಬ್ಬಳು ಬಾಗಿಲನ್ನೇ ಹಾಕಿಕೊಂಡಳು. ಆದರೂ ಹದಿನೇಳು ಹೆಸರು ಸಿಕ್ಕವು. ಸೊರಟೂರು, ಬಾಳೆಹೊಸೂರು, ಮಾಗಡಿ ಎಂದು ಚಕ್ಕಡಿಯಲ್ಲಿ ಸುತ್ತಿ ಹದಿನಾಲ್ಕು ಜನರನ್ನು ಹುಡುಕಿ ತೆಗೆದರು. ಎಲ್ಲರೂ ಹಿತ್ತಲಲ್ಲೋ ಹೊಲದ ಗುಡಿಸಲಲ್ಲೋ ಇದ್ದರು, ಯಾವ ಪಟ್ಟಿಯಲ್ಲೂ ಇರಲಿಲ್ಲ. ಉಳಿದ ಮೂವರು ತೀರಿಹೋಗಿದ್ದರು.

ದತ್ತಾತ್ರಿ ಪ್ರಾಮಾಣಿಕ. ಹದಿನಾಲ್ಕು ಜನರ ಎದೆಯ ಚಿತ್ರ ತೆಗೆಸಿ, ಅವರನ್ನು ಗಂಡನ ಮನೆಯ ಹಾಳೆಗೆ ಸೇರಿಸಿ, ಮೊದಲಿನಿಂದ ಲೆಕ್ಕ ಹಾಕಿದ. ಹೆಂಗಸರ ಅಂಕಿ ಗಂಡಸರದ್ದನ್ನು ದಾಟಿತು. ಒಂದು ವರ್ಷ ಕಾಗದ ಓಡಾಡಿ, ಕೊನೆಗೆ ಎಂಟು ಮಂಚದ ಕೋಣೆ ಮಂಜೂರಾಯಿತು.

ಅಷ್ಟರಲ್ಲಿ ಕರ್ನಾಟಕ ಒಂದಾಗಿತ್ತು. ಹಿಂದೆ ಒಂದೊಂದು ಸಂಸ್ಥಾನದ ಕೈಯಲ್ಲಿದ್ದ ಲಕ್ಷ್ಮೇಶ್ವರ, ಶಿರಹಟ್ಟಿಗಳೂ, ಮುಂಬಯಿಗೆ ಸೇರಿದ್ದ ಗದಗೂ ಈಗ ಒಂದೇ ರಾಜ್ಯ. ಊರುಗಳಿಗೆಲ್ಲ ಮನೆ ಸಿಕ್ಕಿತ್ತು. ಬೀಬಿಜಾನಳಿಗೆ ಸಿಕ್ಕಿರಲಿಲ್ಲ. ಅವಳನ್ನು ದವಾಖಾನೆಗೆ ತಂದ ದಿನ ಗುಮಾಸ್ತ ಅರ್ಜಿ ಹಿಡಿದು ಮನೆ ಯಾವುದು ಎಂದು ಕೇಳಿದ. ಮಾಗಡಿ ಎಂದ ಮಾವ. ಬೆಟಗೇರಿ ಎಂದ ಅಪ್ಪ. ಬೀಬಿಜಾನ ನೆಲ ನೋಡುತ್ತ ಕುಳಿತಿದ್ದಳು.

ಜಾನಕೀಬಾಯಿ ಗುಮಾಸ್ತನ ಕೈಯಿಂದ ಟಾಕು ಕಿತ್ತುಕೊಂಡು, ಮನೆ ಎಂಬಲ್ಲಿ ತಮ್ಮ ಹೆಸರು, ಲಕ್ಷ್ಮೇಶ್ವರ ಎಂದು ಬರೆದರು.

“ಅಕ್ಕೋರ, ನೀವು ಬ್ರಾಹ್ಮಣರು...” ಎಂದು ಫಕೀರಸಾಬ ತಡವರಿಸಿದ.

“ಬರದಾತು,” ಎಂದರು ಜಾನಕೀಬಾಯಿ. “ಇನ್ನ ಯಾರರೆ ಬಂದು ನನ್ನ ಮನ್ಯಾಗ ಎಷ್ಟು ಮಂದಿ ಅಂತ ಕೇಳಿದ್ರ, ಇಬ್ಬರು ಅಂತೀನಿ.”