ಸತ್ತ ಸಿಪಾಯಿಗಳನ್ನು ಮತ್ತೆ ನಿಲ್ಲಿಸಿದ್ದು

ನನ್ನ ಮೊಮ್ಮಗಳಿಗೆ ಇಪ್ಪತ್ತೆಂಟು ವರ್ಷ. ಕೆಂಗೇರಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಕೆಲಸ ಮುಗಿಸಿ ಬಂದವಳು ಬಾಪೂಜಿ ನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಬಣ್ಣ ಬಳಿಯುತ್ತಾಳೆ. ಒಬ್ಬೊಬ್ಬನ ಕಣ್ಣಿಗೂ ಎರಡು ಕೂದಲಿನ ಕುಂಚದಲ್ಲಿ ಚುಕ್ಕೆ ಇಡುತ್ತಾಳೆ. ಅಷ್ಟು ಹೊತ್ತಿನಲ್ಲಿ ಎರಡು ಸೇರು ಅವರೆಕಾಯಿ ಸುಲಿಯಬಹುದು ಎಂದು ನಾನು ಹೇಳಿದ್ದೇನೆ. ಅವಳು ಕಿವಿಗೆ ಹಾಕಿಕೊಂಡಿಲ್ಲ.

ಆ ಸಿಪಾಯಿಗಳನ್ನು ಇಟ್ಟುಕೊಂಡು ಯುದ್ಧದ ಆಟ ಆಡುತ್ತಾರೆ. ಎದುರಿಗೆ ಇನ್ನೊಬ್ಬರು, ಅವರದೂ ಒಂದು ಸೈನ್ಯ, ನಡುವೆ ಮೇಜು. ಬಸವೇಶ್ವರನಗರದಲ್ಲಿ ಒಂದು ಮಹಡಿಯ ಮೇಲೆ ಭಾನುವಾರ ಇಂಥವರೆಲ್ಲ ಸೇರುತ್ತಾರೆ. ವರ್ಷಕ್ಕೊಮ್ಮೆ ಅಲ್ಲಿ ನಡೆಯುವ ಪಂದ್ಯದಲ್ಲಿ ಎರಡು ವರ್ಷ ಇವಳು ಮೊದಲ ಸುತ್ತಿನಲ್ಲೇ ಸೋತು ಮುಖ ಸಪ್ಪಗೆ ಮಾಡಿಕೊಂಡು ಬಂದಿದ್ದಳು. ಈ ಸಲ ಹೇಗೋ ಮೇಲೆ ಹತ್ತಿ, ಇನ್ನೊಂದು ಆಟ ಗೆದ್ದರೆ ಕೊನೆಯ ಸುತ್ತು ಎನ್ನುವಲ್ಲಿಗೆ ಬಂದಿದ್ದಳು. ಒಂದು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಆಟಕ್ಕೆ ಊಟ ಬಿಡುವುದು ಯಾವ ಸೀಮೆಯ ಬುದ್ಧಿಯೋ ನನಗೆ ತಿಳಿಯದು.

ಆ ಭಾನುವಾರ ಬೆಳಗ್ಗೆ ಅವಳಿಗೆ ಲ್ಯಾಬಿನಲ್ಲಿ ಪಾಳಿ ಇತ್ತು. ಸಿಪಾಯಿಗಳ ಪೆಟ್ಟಿಗೆಯನ್ನು ಮೆಟ್ರೋದಲ್ಲಿ ಹೊತ್ತು ತಿರುಗಿದರೆ ಅವರ ಕೈಕಾಲು ಮುರಿಯುತ್ತವಂತೆ. ಅದಕ್ಕೆ ನಾನು ಆಟೋದಲ್ಲಿ ಪೆಟ್ಟಿಗೆ ತರುವುದು, ಅವಳು ಕೆಂಗೇರಿಯಿಂದ ನೇರ ಬರುವುದು ಎಂದು ಮಾತಾಗಿತ್ತು. ನಾನು ಹನ್ನೊಂದಕ್ಕೆ ಹೋಗಿ ಕೂತೆ. ಅವಳು ಬರಲಿಲ್ಲ, ಫೋನ್ ಬಂತು.

"ಅಜ್ಜೀ, ನನ್ನ ಬದಲಿಗೆ ಬರಬೇಕಾದವಳು ಬಂದಿಲ್ಲ. ಬಿಟ್ಟು ಬರೋ ಹಾಗಿಲ್ಲ. ಇನ್ನೂ ಎರಡು ಗಂಟೆ ಆಗುತ್ತೆ."

"ಆಗ್ಲಿ ಬಿಡು, ಆಮೇಲೆ ಬಂದು ಆಡು."

"ಹನ್ನೊಂದೂವರೆಗೆ ಕುರ್ಚಿಲಿ ಯಾರೂ ಇಲ್ಲ ಅಂದ್ರೆ ಸೋಲು ಅಂತ ಬರ್ಕೊಂಡುಬಿಡ್ತಾರೆ ಅಜ್ಜಿ."

ಅವಳ ಎದುರು ಆಡಬೇಕಾದವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ನಾಯಂಡಹಳ್ಳಿಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯವನು. ಮೂವತ್ತೈದರ ಆಸುಪಾಸು, ದಪ್ಪ ಆಸಾಮಿ, ಗಡ್ಡ, ನಗುಮುಖ.

"ಅಜ್ಜಿ, ನೀವೇ ಕೂತ್ಕೊಳ್ಳಿ. ಅವಳು ಬರೋವರೆಗೂ ನೀವು ಆಡಿ. ನಾನು ಹೇಳಿಕೊಡ್ತೀನಿ."

"ನಿಂಗೆ ತಲೆ ಸರಿ ಇದೆಯೇನಪ್ಪಾ? ಸುಮ್ನೆ ಬಿಟ್ರೆ ನೀನೇ ಗೆದ್ದಂಗಲ್ವಾ?"

"ಖಾಲಿ ಕುರ್ಚಿನ ಗೆದ್ದು ಏನು ಮಾಡ್ಲಿ ಅಜ್ಜಿ? ಮನೇಲಿ ಹೇಳೋಕೂ ನಾಚಿಕೆ."

ತೀರ್ಪು ಹೇಳುವುದಕ್ಕೆ ಕನ್ನಡಕದ ಹೆಂಗಸೊಬ್ಬಳು ಇದ್ದಳು. ಅವನು ಒಪ್ಪಿದರೆ ತನ್ನ ತಕರಾರಿಲ್ಲ ಎಂದಳು. ಹೀಗೆ ನಾನು ಕೂತೆ.

ಮೇಜಿನ ಮೇಲೆ ಥರ್ಮೋಕೋಲಿನ ಗುಡ್ಡ, ಮುರಿದ ಗೋಡೆಯ ಮನೆ, ತೆಂಗಿನ ನಾರಿನ ಪೊದೆ. ಗುಡ್ಡದ ಮೇಲೆ ಒಂದು ಬಾವುಟ. ಐದು ಸುತ್ತು ಮುಗಿದಾಗ ಬಾವುಟದ ಹತ್ತಿರ ಯಾರ ಸಿಪಾಯಿಗಳು ಹೆಚ್ಚು ನಿಂತಿರುತ್ತಾರೋ ಅವರು ಗೆದ್ದಂತೆ. ನನಗೆ ಅರ್ಥವಾದದ್ದು ಇಷ್ಟೇ. ದರ್ಜಿಯ ಟೇಪು ಹಿಡಿದು ಅಳೆದು ಅಳೆದು ಅವರನ್ನು ನಡೆಸಬೇಕು. ಗುಂಡು ಹೊಡೆಯಬೇಕಾದರೆ ದಾಳ ಹಾಕಬೇಕು. ತಾಗಿತೋ ಇಲ್ಲವೋ ಎಂದು ಒಂದು ಸಲ, ತಾಗಿದ್ದು ನಾಟಿತೋ ಎಂದು ಇನ್ನೊಂದು ಸಲ, ನಾಟಿದರೂ ಬದುಕಿಕೊಂಡನೋ ಎಂದು ಮತ್ತೊಂದು ಸಲ.

"ಒಬ್ಬನನ್ನ ಸಾಯಿಸೋಕೆ ಇಷ್ಟೊಂದು ವಿಚಾರಣೆಯೇನಪ್ಪಾ?"

"ಕೋರ್ಟಿಗಿಂತ ಬೇಗ ಆಗುತ್ತೆ ಅಜ್ಜಿ."

ನಾನು ಓದಿದ್ದು ಮೂರನೇ ಕ್ಲಾಸು. ಆಡಿದ್ದು ಚೌಕಾಬಾರ ಒಂದೇ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಉಜ್ಜಿದ ಹುಣಸೆಬೀಜ ಎಸೆದು, ಅತ್ತಿಗೆ ನಾದಿನಿಯರನ್ನೆಲ್ಲ ಅಳಿಸಿದ್ದೇನೆ. ಇಲ್ಲಿ ಏನೂ ತಿಳಿಯದೆ ಹೋದಾಗ ತಿಳಿದಿದ್ದ ಅದನ್ನೇ ಹಿಡಿದುಕೊಂಡೆ. ನಾಲ್ಕು ಬಿತ್ತು. ಇನ್ನೊಂದು ಸಲ ಹಾಕಲು ದಾಳ ಎತ್ತಿದೆ.

"ಒಂದೇ ಸಲ ಅಜ್ಜಿ."

"ನಾಲ್ಕು ಬಿದ್ದಿದೆ ಕಣಪ್ಪ. ನಾಲ್ಕು ಬಿದ್ರೆ ಮತ್ತೆ ಆಟ."

"ಇದರಲ್ಲಿ ಹಾಗಿಲ್ಲ."

ದಾಳ ಕೆಳಗಿಟ್ಟೆ. ಅದೊಂದನ್ನು ಅವನು ತಿದ್ದಿದ. ಇನ್ನೊಂದನ್ನು ಹೇಳಬೇಕು ಎಂದು ಅವನಿಗೆ ಹೊಳೆಯಲಿಲ್ಲ, ಕೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ಅವನು ನನ್ನ ಮೂವರನ್ನು ಹೊಡೆದ. "ಇವರು ಹೋದರು ಅಜ್ಜಿ, ತೆಗೀರಿ" ಎಂದವನೇ ದಪ್ಪ ಪುಸ್ತಕದಲ್ಲಿ ಮುಂದಿನದನ್ನು ಹುಡುಕತೊಡಗಿದ. ನಾನು ತೆಗೆದೆ. ತೆಗೆದು, ಮೊದಲು ಹೊರಟಿದ್ದ ಮೇಜಿನ ಅಂಚಿನಲ್ಲಿ ಮತ್ತೆ ನಿಲ್ಲಿಸಿದೆ. ಹೊಡೆಸಿಕೊಂಡ ಕಾಯಿ ಹೊರಟ ಮನೆಗೆ ಹೋಗಿ ಮೊದಲಿಂದ ನಡೆಯಬೇಕು. ಆಟದಲ್ಲಿ ಸಾಯುವುದು ಎಂದರೆ ನಾನು ಕಂಡಂತೆ ಅಷ್ಟೇ. ಅಂಚಿನಲ್ಲಿ ಆಗಲೇ ಹತ್ತು ಹನ್ನೆರಡು ಜನ ಇದ್ದರು, ಎಲ್ಲರಿಗೂ ಒಂದೇ ಬೂದು ಬಣ್ಣ. ಅವರೊಳಗೆ ಇವರು ಸೇರಿಹೋದರು. ಅವನು ಎಣಿಸಲಿಲ್ಲ. ನನ್ನನ್ನು ನಂಬಿದ್ದ.

ತನ್ನ ಕಡೆ ಸತ್ತವರನ್ನು ಅವನು ಪೆಟ್ಟಿಗೆಯ ಮುಚ್ಚಳದಲ್ಲಿ ಮಲಗಿಸುತ್ತಿದ್ದ. ಇವನೇಕೆ ಅವರನ್ನು ಮತ್ತೆ ಇಳಿಸುತ್ತಿಲ್ಲ ಎಂದು ನನಗೆ ಗೊಂದಲವಾಯಿತು. ಏನೋ ಉಪಾಯ ಇರಬೇಕು, ಕೊನೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಇಳಿಸಿ ನನ್ನನ್ನು ಮುಗಿಸುತ್ತಾನೆ ಎಂದುಕೊಂಡೆ. ಆ ಹೆದರಿಕೆಯಲ್ಲೇ ಬೇಗ ಬೇಗ ಗುಡ್ಡದ ಕಡೆ ಜನ ನಡೆಸಿದೆ.

ನಾಲ್ಕನೇ ಸುತ್ತಿಗೆ ಅವನ ಹಣೆಯಲ್ಲಿ ಬೆವರು.

"ಏನ್ ಹೊಡೆದ್ರೂ ಮುಗೀತಾನೇ ಇಲ್ವಲ್ಲ ಅಜ್ಜಿ ನಿಮ್ಮೋರು!"

"ನಮ್ಮನೆ ಜನ ಗಟ್ಟಿ ಕಣಪ್ಪ."

ಅವನು ಜೋರಾಗಿ ನಕ್ಕು ಪಕ್ಕದ ಮೇಜಿನವನಿಗೆ, "ಅಜ್ಜಿ ನನ್ನ ರುಬ್ಬಿ ಹಾಕ್ತಿದಾರೆ ಮಚ್ಚಾ" ಎಂದ. ಸೋಲುತ್ತಿರುವವನು ನಗುವುದು ನನಗೆ ಇನ್ನೂ ಅರ್ಥವಾಗಿಲ್ಲ. ನಮ್ಮ ಜಗಲಿಯಲ್ಲಿ ಸೋತವರು ಎರಡು ದಿನ ಮಾತು ಬಿಡುತ್ತಿದ್ದರು.

ಐದನೇ ಸುತ್ತು ಮುಗಿಯಿತು. ಬಾವುಟದ ಸುತ್ತ ನನ್ನವರು ಹನ್ನೊಂದು, ಅವನವರು ಐದು. ಅವನು ನನಗೆ ಕೈ ಮುಗಿದ. ಫಲಿತಾಂಶದ ಚೀಟಿಯಲ್ಲಿ ತನ್ನ ಸೋಲು ಬರೆದು ಸಹಿ ಹಾಕಿ, ತೀರ್ಪಿನ ಹೆಂಗಸನ್ನು ಕರೆಯಲು ಹೋದ. ಆಗಲೇ ಮೊಮ್ಮಗಳು ಏದುಸಿರು ಬಿಡುತ್ತಾ ಮಹಡಿ ಹತ್ತಿ ಬಂದಳು. ಚೀಟಿ ನೋಡಿ ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಮೈಯೆಲ್ಲ ಲ್ಯಾಬಿನ ಔಷಧಿಯ ವಾಸನೆ. ಆಮೇಲೆ ಸಿಪಾಯಿಗಳನ್ನು ಎತ್ತಿಡಲು ಪೆಟ್ಟಿಗೆ ತೆರೆದಳು.

"ಅಜ್ಜಿ, ನಮ್ಮಲ್ಲಿ ಸತ್ತೋರು ಎಲ್ಲಿ?"

"ಎಲ್ಲಿ ಅಂದ್ರೆ? ಅಲ್ಲೇ ಗುಡ್ಡದ ಮೇಲೆ ಇದಾರಲ್ಲ."

ಅವಳ ಕೈ ಅಲ್ಲೇ ನಿಂತಿತು. "ಮತ್ತೆ ಇಟ್ಟೆಯಾ?"

"ಇಡದೆ? ಮೊದಲಿಂದ ನಡೆಸಿದೆ."

ಅವಳು ಸುತ್ತ ನೋಡಿದಳು. ದನಿ ಇಳಿಸಿದಳು. "ಸತ್ತರೆ ಮುಗೀತು ಅಜ್ಜಿ, ಮತ್ತೆ ಬರೋ ಹಾಗಿಲ್ಲ. ಈಗ ಸುಮ್ನಿರು. ಏನೂ ಹೇಳ್ಬೇಡ. ದಮ್ಮಯ್ಯ ಅಂತೀನಿ."

ಅಷ್ಟರಲ್ಲಿ ಅವನು ಆ ಹೆಂಗಸನ್ನು ಕರೆದುಕೊಂಡು ಬಂದ. ನನಗೆ ಆ ಕ್ಷಣದಲ್ಲಿ ಧರ್ಮ, ಸತ್ಯ ಎಂದೆಲ್ಲ ಏನೂ ಹೊಳೆದಿರಲಿಲ್ಲ. ಎರಡು ಗಂಟೆ ನಿಂತುಕೊಂಡೇ ಹೇಳಿಕೊಟ್ಟಿದ್ದಾನೆ, ತಾನು ಸೋತದ್ದು ಹೇಗೆ ಎಂದು ಅವನಿಗೆ ಗೊತ್ತಿರಲಿ ಅನಿಸಿತು, ಬಾಯಿಗೆ ಬಂದುಬಿಟ್ಟಿತು.

"ಏನಪ್ಪಾ, ಸತ್ತೋರನ್ನ ಮತ್ತೆ ನಿಲ್ಲಿಸೋ ಹಾಗಿರಲಿಲ್ವಂತೆ. ನಾನು ಎಂಟು ಜನರನ್ನ ನಿಲ್ಲಿಸಿದೀನಿ. ಚೌಕಾಬಾರದಲ್ಲಿ ಹಾಗೇ."

ಅವನು ಮುಚ್ಚಳದಲ್ಲಿದ್ದ ತನ್ನವರನ್ನು ನೋಡಿದ, ಗುಡ್ಡ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

"ತಪ್ಪು ನಂದೇ. ನಾನು ಹೇಳಲೇ ಇಲ್ಲ. ಬರೆದಿದ್ದು ಬರೆದಾಯ್ತು, ಅವಳೇ ಗೆದ್ದಿರೋದು."

ಮೊಮ್ಮಗಳ ಮುಖ ಕೆಂಪಗಾಗಿತ್ತು. "ಬೇಡ ಗುರು. ನಂದು ಸೋಲು ಅಂತ ಬರಿ."

"ಬರೆಯಲ್ಲ."

"ಬರಿ ಅಂದ್ನಲ್ಲ!"

ಗೆಲ್ಲಬೇಕು ಎಂದು ವಾರವಿಡೀ ಒದ್ದಾಡಿದವರು ಈಗ ಸೋಲು ನನಗಿರಲಿ, ನನಗಿರಲಿ ಎಂದು ಕಿತ್ತಾಡುತ್ತಿದ್ದರು. ನಾನು ಒಮ್ಮೆ ಅವನ ಮುಖ, ಒಮ್ಮೆ ಇವಳ ಮುಖ ನೋಡುತ್ತ ಕೂತೆ. ಕೊನೆಗೆ ತೀರ್ಪಿನ ಹೆಂಗಸು ನನ್ನನ್ನು, "ಯಾವ ಎಂಟು ಅಂತ ತೋರಿಸ್ತೀರಾ ಅಜ್ಜಿ?" ಎಂದು ಕೇಳಿದಳು. ಹೊಡೆಸಿಕೊಂಡ ಕಾಯಿ ಯಾವುದು ಎಂದು ನಾನು ಮರೆಯುವವಳಲ್ಲ, ಒಬ್ಬೊಬ್ಬನನ್ನೇ ಬೆರಳಿಟ್ಟು ತೋರಿಸಿದೆ. ಎಂಟೂ ಗುಡ್ಡದ ಮೇಲೇ ಇದ್ದವು. ಅವಳು ಎತ್ತಿದಳು. ಮೂರು ಉಳಿದವು. ಅವನ ಐದು ಹಾಗೇ ನಿಂತಿದ್ದವು. ಅವಳು ಚೀಟಿಯಲ್ಲಿ ಒಂದು ಗೀಟು ಎಳೆದು ಮೇಲೆ ಬೇರೆ ಬರೆದಳು. ಕೊನೆಯ ಸುತ್ತಿಗೆ ಅವನು ಹೋದ.

ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದೆವು. ವಿಜಯನಗರದಲ್ಲಿ ಮೊಮ್ಮಗಳು, "ಒಂದು ನಿಮಿಷ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ಅಜ್ಜಿ ನಿಂಗೆ?" ಎಂದಳು. ಅತ್ತಿಗುಪ್ಪೆ ದಾಟುವಾಗ, ತನ್ನಷ್ಟಕ್ಕೆ ತಾನೇ, "ಹೇಳಿದ್ದೇ ಒಳ್ಳೇದಾಯ್ತು. ಇಲ್ಲಾಂದ್ರೆ ಅವನ ಮುಖ ಹೆಂಗೆ ನೋಡ್ತಿದ್ದೆ" ಎಂದಳು.

"ಯಾವುದಾದ್ರೂ ಒಂದು ಹೇಳೇ. ನಾನು ಮಾಡಿದ್ದು ಸರಿಯೋ ತಪ್ಪೋ?"

ಅವಳು ರಸ್ತೆಯ ಕಡೆ ತಿರುಗಿಕೊಂಡಳು.

"ಗೊತ್ತಿಲ್ಲ ಅಜ್ಜಿ. ಪೆಟ್ಟಿಗೆ ಗಟ್ಟಿಯಾಗಿ ಹಿಡ್ಕೋ, ರೋಡ್ ಹಂಪ್ ಬರ್ತಿದೆ."

ಹಿಡಿದುಕೊಂಡೆ.