ಬೀಗದ ಕೈ ಯಾರಿಗೆ

ಕುಲಶೇಖರದಲ್ಲಿ ನಮ್ಮ ನೆರೆಮನೆಯವರು ಬಂದರಿನ ಧಕ್ಕೆಯಲ್ಲಿ ಮೀನು ಏಲಂ ಕೂಗುತ್ತಿದ್ದವರು. ರಾಜಕೀಯವನ್ನೂ ಅದೇ ಗಂಟಲಲ್ಲಿ ಮಾತಾಡುತ್ತಿದ್ದರು. "ನಾನು ಹೇಳ್ತೇನೆ, ಬರೆದಿಟ್ಕೊಳ್ಳಿ" ಎಂದು ಅವರು ಬೆರಳೆತ್ತಿದರೆ ಎರಡು ಮನೆಯಾಚೆ ಮಲಗಿದ್ದ ಮಗು ಏಳುತ್ತಿತ್ತು. ನಾನು ಅವರದೇ ಪಕ್ಷದವನು, ತಲೆಯಾಡಿಸುತ್ತಿದ್ದೆ. ಎದುರುಮನೆಯ ದಿನಸಿ ಅಂಗಡಿಯವರು ಬೇರೆ ಪಕ್ಷ. ಅವರೊಡನೆ ಗೇಟಿನಲ್ಲಿ ನಿಂತು ಜಗಳವಾಡದೆ ಇವರ ಬೆಳಗಿನ ಚಹಾ ಗಂಟಲಿಗಿಳಿಯುತ್ತಿರಲಿಲ್ಲ.

ನೆರೆಮನೆಯವರ ಹೆಂಡತಿಗೆ ಹುಬ್ಬಳ್ಳಿಗೆ ವರ್ಗವಾಯಿತು. "ಎಲೆಕ್ಷನ್ ಹತ್ತಿರ ಉಂಟು, ನಾನಿಲ್ಲದಿದ್ರೆ ಈ ವಾರ್ಡಿನ ಗತಿ ಎಂತ?" ಎಂದು ಇವರು ವಾರವಿಡೀ ಕೂಗಾಡಿದರು. ಮಗಳು "ಅಪ್ಪ ಬಾರದಿದ್ರೆ ನಾನೂ ಹೋಗುವುದಿಲ್ಲ" ಎಂದದ್ದೇ ತಡ, ಮರುದಿನ ಸಾಮಾನು ಕಟ್ಟತೊಡಗಿದರು.

ಟೆಂಪೊ ಹೊರಡುವಾಗ ಮನೆಯ ಬೀಗದ ಕೈಗೆಂದು ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಅದನ್ನು ಅಂಗಡಿಯವರ ಕೈಯಲ್ಲಿಟ್ಟರು.

"ಅವರಿಗಾ?" ಎಂದೆ.

"ಬೇಜಾರು ಮಾಡ್ಬೇಡಿ ಮಾರಾಯ್ರೆ. ಮಳೆಗೆ ಮನೆಯ ಮಾಡು ಸೋರಿದ್ರೆ ಅವರು ಫೋನ್ ಮಾಡಿ ಬೈತಾರೆ. ನೀವು ಎಲ್ಲ ಸರಿ ಉಂಟು ಅಂತೀರಿ."

ಟೆಂಪೊ ತಿರುವು ದಾಟಿದ ಮೇಲೂ ನನ್ನ ಕೈ ಚಾಚಿಯೇ ಇತ್ತು. ತಲೆ ಮಾತ್ರ, ಹಳೆಯ ಅಭ್ಯಾಸಕ್ಕೆ, ಹೌದು ಹೌದೆಂದು ಆಡುತ್ತಿತ್ತು.